ಹೆಡಿಯ ಕಥೆ: ಎಚ್ಚರಿಕೆಯೋ, ಅನ್ಯಾಯವೋ?

ಪ್ರಶ್ನೆ: ಬಾರ್ಬೆ ಶ್ರೋಡರ್ ನಿರ್ದೇಶನದ ‘ಸಿಂಗಲ್ ವೈಟ್ ಫೀಮೇಲ್’ (1992) ಉಸಿರುಗಟ್ಟಿಸುವ ಗೆಳೆತನವೊಂದನ್ನು ಪ್ರಾಮಾಣಿಕವಾಗಿ ತೋರಿಸುತ್ತದೆಯೇ?

ಪರ

ಪ್ರಿಯಕರ ಸ್ಯಾಮ್‌ನೊಡನೆ ಸಂಬಂಧ ಕಡಿದುಕೊಂಡ ಆಲಿ, ನ್ಯೂಯಾರ್ಕಿನ ತನ್ನ ಅಪಾರ್ಟ್‌ಮೆಂಟಿನಲ್ಲಿ ಜೊತೆಗಿರಲು ಒಬ್ಬರು ಬೇಕೆಂದು ಜಾಹೀರಾತು ಕೊಟ್ಟಾಗ ಬರುವವಳು ಹೆಡಿ. ಅವಳು ಸಮಾಧಾನ ಹೇಳುತ್ತಾಳೆ, ಮನೆಗೊಂದು ನಾಯಿಮರಿ ತರುತ್ತಾಳೆ, ಆಲಿಗೆ ಮತ್ತೆ ನಗುವುದನ್ನು ಕಲಿಸುತ್ತಾಳೆ. ಜೊತೆಜೊತೆಗೇ, ರಾಜಿಗೆ ಬಂದ ಸ್ಯಾಮ್‌ನ ಧ್ವನಿಸಂದೇಶವನ್ನು ಆಲಿಯ ಕಿವಿಗೆ ಬೀಳದಂತೆ ಅಳಿಸಿಹಾಕುತ್ತಾಳೆ.

ಚಿತ್ರದ ಅತ್ಯಂತ ಭಯಾನಕ ಗಳಿಗೆಯಲ್ಲಿ ಒಂದು ಹನಿ ರಕ್ತವೂ ಇಲ್ಲ. ಸಲೂನಿನಲ್ಲಿ ಹೆಡಿ, ಆಲಿಯದೇ ಬಣ್ಣ ಮತ್ತು ಆಲಿಯದೇ ಕತ್ತರಿಕೆಯ ಕೂದಲು ಹೊತ್ತು ಎದುರಿಗೆ ಬಂದು ನಿಲ್ಲುತ್ತಾಳೆ. ಗೆಳತಿ ನನ್ನಂತೆಯೇ ಕೂದಲು ಕತ್ತರಿಸಿಕೊಂಡಳು ಎಂದು ಯಾರ ಬಳಿ ದೂರುವುದು? ಗಂಡ ಹೀಗೆ ಮೈಮೇಲೆ ಬಿದ್ದರೆ ನಾವು ಕಾಟ ಎನ್ನುತ್ತೇವೆ. ಗೆಳತಿಯಾದರೆ, ‘ಪಾಪ, ಎಷ್ಟು ಹಚ್ಚಿಕೊಂಡಿದ್ದಾಳೆ’ ಎನ್ನುತ್ತೇವೆ. ಹೆಸರಿಲ್ಲದ ಆ ಹಿಂಸೆ ಕಣ್ಣಿಗೆ ಕಾಣುವಂತೆ ಮಾಡಿದ್ದು ಈ ಚಿತ್ರದ ದೊಡ್ಡ ಉಪಕಾರ.

ವಿರೋಧ

ಆ ಸಲೂನಿನ ದೃಶ್ಯದ ಸತ್ಯವನ್ನು ಚಿತ್ರವೇ ಮುಂದೆ ಕೈಬಿಡುತ್ತದೆ ಎಂಬುದೇ ನನ್ನ ತಕರಾರು. ನಾಯಿಮರಿ ಮೇಲಿನಿಂದ ಬಿದ್ದು ಸಾಯುತ್ತದೆ, ಹೆಡಿ ಆಲಿಯ ವೇಷದಲ್ಲಿ ಸ್ಯಾಮ್‌ನ ಹೋಟೆಲ್ ಕೋಣೆಗೆ ಹೋಗಿ ಹೀಲ್ಡ್ ಚಪ್ಪಲಿಯ ಮೊನೆಯಿಂದ ಅವನನ್ನು ಕೊಲ್ಲುತ್ತಾಳೆ, ಅಲ್ಲಿಂದಾಚೆ ಉಳಿಯುವುದು ಅಟ್ಟಾಡಿಸುವ ಆಟ ಮಾತ್ರ. ಚಿಕ್ಕಂದಿನಲ್ಲಿ ನೀರಿನಲ್ಲಿ ಮುಳುಗಿ ಸತ್ತ ಹೆಡಿಯ ಅವಳಿ ಸೋದರಿಯ ನೆನಪೇ ಇದಕ್ಕೆಲ್ಲ ಕಾರಣವೆಂದು ಸೂಚಿಸುವ ಚಿತ್ರ, ಅಂಥ ದುಃಖ ಕೊಲೆಯವರೆಗೆ ಹೇಗೆ ನಡೆಯಿತೆಂಬ ದಾರಿಯನ್ನು ಮಾತ್ರ ತೋರಿಸುವುದಿಲ್ಲ. ಬದುಕುಳಿದವಳೊಬ್ಬಳ ಶೋಕವನ್ನು ಕೊಲೆಗಡುಕತನದ ಲಕ್ಷಣವಾಗಿ ಬಳಸುವುದು ನನಗೆ ಕ್ರೌರ್ಯವೆನಿಸುತ್ತದೆ. ಹೆಡಿಯಾಗಿ ಅಷ್ಟೊಂದು ನೋವನ್ನು ಮುಖದಲ್ಲಿ ಹಿಡಿದಿಟ್ಟ ಜೆನಿಫರ್ ಜೇಸನ್ ಲೀ ಅವರಿಗೆ 1993ರಲ್ಲಿ ಎಂಟಿವಿ ಕೊಟ್ಟದ್ದು ಅತ್ಯುತ್ತಮ ಖಳಪಾತ್ರದ ಪ್ರಶಸ್ತಿ.

ಇನ್ನೊಂದು ಹಾನಿ ಇದಕ್ಕಿಂತ ಸೂಕ್ಷ್ಮವಾದದ್ದು. ಅಪಾಯವೆಂದರೆ ಕೊಲೆಯೇ ಎಂದಾದಮೇಲೆ, ದಿನಕ್ಕೆ ಇಪ್ಪತ್ತು ಸಲ ಫೋನ್ ಮಾಡುವ, ಬೇರೆ ಗೆಳತಿಯರ ಮೇಲೆ ಚಾಡಿ ಹೇಳುವ, ತಾನಿಲ್ಲದೆ ಎಲ್ಲಿಗೂ ಹೋಗಗೊಡದ ಒಡನಾಟದಲ್ಲಿ ನಲುಗುತ್ತಿರುವವಳಿಗೆ ತನ್ನ ಸಂಕಟವೇ ಚಿಲ್ಲರೆಯಾಗಿ ತೋರುತ್ತದೆ. ಆಲಿಯ ಪಾಲನ್ನೂ ಚಿತ್ರ ಅರ್ಧಕ್ಕೇ ಬಿಡುತ್ತದೆ: ಸ್ಯಾಮ್ ಇಲ್ಲದಾಗ ಹೆಡಿ ಬೇಕಾಗಿದ್ದಳು, ಅವನು ಹಿಂದಿರುಗಿದೊಡನೆ ಅವಳು ಬೇರೆ ಮನೆ ನೋಡಿಕೊಳ್ಳಬೇಕಾಯಿತು. ಹಾಗೆ ಬಳಸಿ ಬಿಟ್ಟದ್ದರ ಬಗ್ಗೆ ಇಬ್ಬರೂ ಎದುರುಬದುರು ಕುಳಿತು ಆಡಬೇಕಾಗಿದ್ದ ಮಾತು ಈ ಕಥೆಯಲ್ಲಿ ಬರುವುದೇ ಇಲ್ಲ. ಕ್ಷಮೆಯ ಮಾತು ಆಲಿಯ ಬಾಯಿಗೆ ಬರುವುದು, ಎರಡು ಮುಖಗಳನ್ನು ಒಂದಾಗಿಸಿದ ಭಾವಚಿತ್ರವೊಂದು ತೆರೆಯ ಮೇಲೆ ಕಾಣುವುದು, ಹೆಡಿ ಸತ್ತ ಮೇಲೆ.