ಬಳೆ ಕೈ, ಬರಿ ಕೈ

ಪುಟ್ಟ ಮಕ್ಕಳ ಹಬ್ಬದ ಡ್ಯಾನ್ಸ್ ಚೆನ್ನಾಗಿದೆಯೋ ಇಲ್ಲವೋ ಎಂದು ಹೇಳಲು ನನ್ನ ಬಳಿ ಈಗ ಒಂದೇ ಒರೆಗಲ್ಲು ಉಳಿದಿದೆ. ಪರದೆ ಸರಿದು ಹಾಡು ಶುರುವಾದ ಮೇಲೆ, ಕಲಿಸಿದ ಟೀಚರ್ ಅಲ್ಲಿಂದ ಹೊರಟು ಸಭಿಕರ ಸಾಲಿನಲ್ಲಿ ಹೋಗಿ ಕುಳಿತರೂ ಆ ಕುಣಿತ ಮುಂದುವರಿಯುತ್ತದೆಯೇ? ಕೃಷ್ಣಾಷ್ಟಮಿ, ಮಕ್ಕಳ ದಿನಾಚರಣೆ, ಕ್ರಿಸ್ಮಸ್, ಕೊನೆಗೆ ವಾರ್ಷಿಕೋತ್ಸವ ಎಂದು ಉಡುಪಿ, ಮಂಗಳೂರಿನ ಶಾಲಾ ವೇದಿಕೆಗಳಲ್ಲಿ ನಾನು ವರ್ಷವಿಡೀ ನೋಡುವ ಎಲ್‌ಕೆಜಿ, ಯುಕೆಜಿ ನೃತ್ಯಗಳಲ್ಲಿ ಹೆಚ್ಚಿನವು ಈ ಪರೀಕ್ಷೆಯಲ್ಲಿ ಪಾಸಾಗಲಾರವು. ಏಕೆಂದರೆ ಅಲ್ಲಿ ನಿಜವಾಗಿ ಕುಣಿಯುತ್ತಿರುವವರು ಪರದೆಯ ಮರೆಯಲ್ಲಿ ಬೆವರು ಸುರಿಸುತ್ತ ಕೈಕಾಲು ಬೀಸುವ ಟೀಚರ್, ಮಕ್ಕಳು ಅವರನ್ನು ಅರ್ಧ ಕ್ಷಣ ತಡವಾಗಿ ಹಿಂಬಾಲಿಸುತ್ತಿರುತ್ತಾರೆ. ಯಾರ ಮೇಲೋ ಹೊರಿಸುವುದಕ್ಕಾಗಿ ಇದನ್ನು ಬರೆಯುತ್ತಿಲ್ಲ. ಭರತನಾಟ್ಯದ ಪರೀಕ್ಷೆಗಳನ್ನು ಮುಗಿಸಿ ಶಾಲೆಯೊಂದಕ್ಕೆ ಸೇರಿದ ಮೊದಲ ಕೆಲವು ವರ್ಷ ನಾನು ಮಾಡಿದ್ದೂ ಇದನ್ನೇ. ಆಗಿನ ಫೋಟೋಗಳನ್ನು ಈಗ ತೆಗೆದು ನೋಡಿದರೆ 24 ಎಡ ಕಿವಿಗಳು ಕಾಣುತ್ತವೆ. ಮಕ್ಕಳೆಲ್ಲ ವೇದಿಕೆಯ ಬಲಗಡೆ ನಿಂತಿದ್ದ ನನ್ನತ್ತ ಕತ್ತು ತಿರುಗಿಸಿದ್ದರು.

ಸ್ಟೆಪ್ಪುಗಳನ್ನು ಮನೆಯಲ್ಲಿ ಕನ್ನಡಿಯ ಮುಂದೆ ನಿಂತು ಕೂಡಿಸಿದ್ದು ನನ್ನ ಮೂಲ ತಪ್ಪು. ಕನ್ನಡಿಯಲ್ಲಿ ಕಾಣುವುದು ನನ್ನ ದೇಹ, ಹದಿನೈದು ವರ್ಷ ಅಡವು, ಅಂದರೆ ಭರತನಾಟ್ಯದ ಮೂಲ ಹೆಜ್ಜೆಗಳನ್ನು, ತಿದ್ದಿಸಿಕೊಂಡ ದೇಹ. ಒಂದು ವಾರ್ಷಿಕೋತ್ಸವಕ್ಕೆ ನಾನು ಚಿಟ್ಟೆಗಳ ನೃತ್ಯವೊಂದನ್ನು ಸಂಯೋಜಿಸಿದ್ದೆ. ಅದರಲ್ಲಿ ಎರಡು ಸಾಲುಗಳು ಓರೆಯಾಗಿ ಒಂದನ್ನೊಂದು ದಾಟಿ ಎದುರು ಮೂಲೆ ಸೇರಬೇಕಾಗಿತ್ತು. ಮೂರು ವಾರ ಬೊಬ್ಬೆ ಹೊಡೆದು ಅದನ್ನು ಕೂರಿಸಿದ್ದೆ. ಆ ದಿನ ಸರಿಯಾಗಿ ದಾಟುವ ಹೊತ್ತಿಗೆ ಹುಡುಗನೊಬ್ಬನ ಪಟ್ಟಿಯಿಂದ ಒಂದು ಗೆಜ್ಜೆ ಕಳಚಿ ಉರುಳಿತು. ಅವನು ನಿಂತ, ಕುಕ್ಕರಗಾಲಲ್ಲಿ ಕುಳಿತ, ಅದನ್ನು ಹೆಕ್ಕಿಕೊಂಡು ನನ್ನತ್ತ ಎತ್ತಿ ಹಿಡಿದು "ಟೀಚರ್, ಸಿಕ್ಕಿತು!" ಎಂದ. ಅವನ ಹಿಂದಿದ್ದ ಚಿಟ್ಟೆಗಳೆಲ್ಲ ಉಡುಪಿಯ ಕಲ್ಸಂಕ ಜಂಕ್ಷನ್‌ನಲ್ಲಿ ಸಿಕ್ಕಿಹಾಕಿಕೊಂಡ ಸಿಟಿ ಬಸ್ಸುಗಳಂತೆ ಸಾಲಾಗಿ ನಿಂತುಬಿಟ್ಟವು. ಸಭೆ ನಕ್ಕಿತು, ನಾನು ಅಂದು ರಾತ್ರಿ ಅತ್ತೆ. ಆ ಹುಡುಗನಲ್ಲಿ ಯಾವ ತಪ್ಪೂ ಇರಲಿಲ್ಲ ಎಂಬುದು ಹೊಳೆಯಲು ನನಗೆ ಇನ್ನೂ ಒಂದೆರಡು ವರ್ಷ ಬೇಕಾಯಿತು. ಐದು ವರ್ಷದ ಮಗುವಿಗೆ ತನ್ನ ಗೆಜ್ಜೆಗಿಂತ ನನ್ನ ಫಾರ್ಮೇಷನ್ ಏಕೆ ದೊಡ್ಡದಾಗಬೇಕು?

ಸಾಮಾನ್ಯವಾಗಿ ನಾಲ್ಕು ವರ್ಷದ ಮಗು ಓಡುತ್ತದೆ, ಎರಡೂ ಕಾಲು ಜೋಡಿಸಿ ಹಾರುತ್ತದೆ, ತುದಿಗಾಲಲ್ಲಿ ನಾಲ್ಕು ಹೆಜ್ಜೆ ಇಡುತ್ತದೆ; ಒಂಟಿ ಕಾಲಲ್ಲಿ ಕುಂಟುತ್ತ ಹಾರುವುದು ಆಗಷ್ಟೇ ಬರುತ್ತಿರುತ್ತದೆ. ಒಂದು ಕಾಲಲ್ಲಿ ಹಾರಿ ಮರುಕ್ಷಣ ಕಾಲು ಬದಲಿಸಿ ಹಾರುವ, ನಾವು ಸ್ಕಿಪ್ ಎನ್ನುವ ನಡೆ ಹೆಚ್ಚಿನ ಮಕ್ಕಳಿಗೆ ಐದಾರು ವರ್ಷಕ್ಕೆ ಮೊದಲು ಕೂಡಿ ಬರುವುದಿಲ್ಲ. ಕಾಲು ಒಂದು ಲೆಕ್ಕದಲ್ಲಿ, ಕೈ ಇನ್ನೊಂದು ಲೆಕ್ಕದಲ್ಲಿ ನಡೆಯಬೇಕೆಂದರೆ ಆ ವಯಸ್ಸಿನಲ್ಲಿ ಎರಡರಲ್ಲಿ ಒಂದು ನಿಂತುಹೋಗುತ್ತದೆ. ಕೈ ಹೋದಲ್ಲಿ ಕಣ್ಣು ಹೋಗಬೇಕು ಎಂದು ಭರತನಾಟ್ಯದ ಮೊದಲ ಪಾಠಗಳಲ್ಲೇ ಹೇಳುತ್ತೇವೆ. ಶಾಲೆಯ ವೇದಿಕೆಯಲ್ಲಿ ಮಾತ್ರ ಅಮ್ಮ ಕುಳಿತಲ್ಲಿ ಕಣ್ಣು ಹೋಗುತ್ತದೆ, ಅದನ್ನು ತಿದ್ದಲು ಹೊರಡುವುದು ವ್ಯರ್ಥ. ಮೊಣಕಾಲು ಹೊರಕ್ಕೆ ಬಾಗಿಸಿ ಅರ್ಧ ಕುಳಿತಂತೆ ನಿಲ್ಲುವ ಅರಮಂಡಿಯನ್ನಂತೂ ನಾನು ಯುಕೆಜಿಯಲ್ಲಿ ಕೇಳುವುದನ್ನೇ ಬಿಟ್ಟಿದ್ದೇನೆ. ಹಬ್ಬದ ಡ್ಯಾನ್ಸ್ ಬೇರೆ, ನೃತ್ಯ ಶಿಕ್ಷಣ ಬೇರೆ. ಮೂರು ವಾರದಲ್ಲಿ ಮುಗಿಯಬೇಕಾದ ಒಂದಕ್ಕೆ ಮೂರು ವರ್ಷ ಬೇಡುವ ಇನ್ನೊಂದರ ಅಂಗಿ ತೊಡಿಸಿದರೆ ಎರಡೂ ಕೆಡುತ್ತವೆ.

ಈಗ ನನ್ನ ಲೆಕ್ಕ ಬಹಳ ಸರಳ. ಹಾಡು ಎರಡು ನಿಮಿಷ, ಹೆಚ್ಚಿಲ್ಲ. ನಿಮಿಷಕ್ಕೆ 120 ಪೆಟ್ಟಿನ ನಡೆಯ ಹಾಡಾದರೆ ಒಟ್ಟು 240 ಪೆಟ್ಟು, ಎಂಟೆಂಟು ಪೆಟ್ಟಿನ ಗುಂಪು ಮಾಡಿದರೆ 30 ಎಂಟುಗಳು. ಅದರಲ್ಲಿ ನಾಲ್ಕು ಎಂಟುಗಳನ್ನು ವೇದಿಕೆಗೆ ಬರುವುದಕ್ಕೆ, ಎರಡನ್ನು ಹೊರಗೆ ಹೋಗುವುದಕ್ಕೆ ಎಂದು ಮೊದಲೇ ತೆಗೆದಿಡುತ್ತೇನೆ. ಉಳಿದ 24ರಲ್ಲಿ ನಾಲ್ಕೇ ನಾಲ್ಕು ಚಲನೆಗಳು, ಒಂದೊಂದಕ್ಕೆ ಎರಡು ಎಂಟುಗಳಂತೆ, ಅದೇ ವರಸೆ ಮೂರು ಸುತ್ತು. ನಿಂತಲ್ಲೇ ಹೆಜ್ಜೆ ಹಾಕುವುದು, ಎರಡೂ ಕೈ ಎತ್ತಿ ಅತ್ತಿತ್ತ ತೂಗುವುದು, ಹಾರಿ ಚಪ್ಪಾಳೆ ತಟ್ಟುವುದು, ಎಂಟು ಹೆಜ್ಜೆಯಲ್ಲಿ ನಿಧಾನವಾಗಿ ತನ್ನ ಸುತ್ತ ತಿರುಗುವುದು. ಎರಡನೆಯ ಸುತ್ತಿನಲ್ಲಿ ಮುಖ ಪಕ್ಕದ ಗೆಳತಿಯ ಕಡೆಗೆ, ಮೂರನೆಯದರಲ್ಲಿ ಎಲ್ಲರೂ ಒಂದು ದೊಡ್ಡ ವೃತ್ತ. ನೋಡುವವರಿಗೆ ಮೂರು ಬಗೆಯ ನೃತ್ಯ ಕಾಣುತ್ತದೆ, ಮಗುವಿಗೆ ನೆನಪಿಡಬೇಕಾದದ್ದು ನಾಲ್ಕು ಸಂಗತಿ. ವೇದಿಕೆಗೆ ಬರುವುದನ್ನೂ ಹೋಗುವುದನ್ನೂ ನಾನು ಮೊದಲ ದಿನವೇ ಕಲಿಸುತ್ತೇನೆ. ಗೊಂದಲವಾಗುವುದು ಯಾವಾಗಲೂ ಅಲ್ಲಿಯೇ.

ಎಣಿಕೆಯನ್ನು ಹೇಗೆ ಕಲಿಸಬೇಕೆಂದು ನನಗೆ ತೋರಿಸಿಕೊಟ್ಟದ್ದು ಮಳೆ. ಉಡುಪಿಯಲ್ಲಿ ಅಷ್ಟಮಿಯ ಪ್ರಾಕ್ಟೀಸ್ ಎಂದರೆ ಮಳೆಗಾಲದ ಪ್ರಾಕ್ಟೀಸ್. ಸಭಾಂಗಣದ ಶೀಟಿನ ಮಾಡಿನ ಮೇಲೆ ಮಳೆ ಹೊಯ್ಯಲು ಶುರುವಾದರೆ ಸ್ಪೀಕರನ್ನು ಎಷ್ಟು ಜೋರು ಮಾಡಿದರೂ ಹಾಡು ಕೇಳುವುದಿಲ್ಲ. ಅಂಥ ಒಂದು ಮಧ್ಯಾಹ್ನ ಬಾಯಲ್ಲಿ "ಒನ್, ಟೂ, ತ್ರೀ" ಎಂದು ಕೂಗಿ ಗಂಟಲು ಒಡೆದುಕೊಂಡಾಗ ಮುಂದಿನ ಸಾಲಿನ ಹುಡುಗಿಯೊಬ್ಬಳು ತನ್ನಷ್ಟಕ್ಕೆ "ಗೋಳಿಬಜೆ, ಗೋಳಿಬಜೆ" ಎನ್ನುತ್ತ ಹೆಜ್ಜೆ ಹಾಕುತ್ತಿದ್ದಳು. ನಮ್ಮ ಕಡೆಯ ಕರಿದ ತಿಂಡಿ ಗೋಳಿಬಜೆ ನಾಲ್ಕಕ್ಷರ, ತಾಳದ ಬಾಯಿಲೆಕ್ಕದಲ್ಲಿ ತಕಧಿಮಿ. ನಾನು ಕೂಗುವುದನ್ನು ನಿಲ್ಲಿಸಿ ಎಲ್ಲರಿಂದಲೂ ಅದನ್ನೇ ಹೇಳಿಸಿದೆ. ಮರುದಿನ ತೂಗುವ ಭಾಗಕ್ಕೆ ಬೇರೊಂದು ಮಾತು ಬೇಕಾಯಿತು, ಆಗ ಸಿಕ್ಕಿದ್ದು "ಮೊಸರು ಕುಡಿಕೆ": ಮೂರು ಮತ್ತು ಮೂರು, ತಕಿಟ ತಕಿಟ. ಗೋಳಿಬಜೆಗೆ ಮಕ್ಕಳು ಸಿಪಾಯಿಗಳಂತೆ ನಡೆಯುತ್ತಾರೆ, ಮೊಸರು ಕುಡಿಕೆಗೆ ಸೊಂಟ ತಾನಾಗಿ ತೂಗುತ್ತದೆ. ನಾಲ್ಕರ ನಡೆಗೂ ಮೂರರ ನಡೆಗೂ ಇರುವ ವ್ಯತ್ಯಾಸವನ್ನು ಒಂದು ಮಾತೂ ವಿವರಿಸದೆ ಮಗುವಿನ ಮೈ ಹೀಗೆ ತಿಳಿದುಕೊಳ್ಳುತ್ತದೆ. "ಉಂಡೆ ಚಕ್ಕುಲಿ" ಎಂದರೆ ಎರಡು ಮತ್ತು ಮೂರು, ತಾಳದಲ್ಲಿ ಖಂಡ ಎನ್ನುವ ಐದರ ನಡೆ. ಅದನ್ನು ಯುಕೆಜಿಗೆ ಕೊಟ್ಟು ಒಮ್ಮೆ ನೋಡಿದೆ, ಎಲ್ಲರೂ ಎಡವಿದರು. ಈಗ ಅದನ್ನು ನಾಲ್ಕನೆಯ ತರಗತಿಯವರಿಗೆ ಇಟ್ಟಿದ್ದೇನೆ. ಕೃಷ್ಣಮಠದ ಅಷ್ಟಮಿ ಸೌರಮಾನದ ಲೆಕ್ಕದಲ್ಲಿ ಬರುವುದರಿಂದ ಕೆಲವು ವರ್ಷ ಬೇರೆ ಕಡೆಯ ಅಷ್ಟಮಿ ಮುಗಿದು ತಿಂಗಳಾದ ಮೇಲೆ ರಥಬೀದಿಯಲ್ಲಿ ವಿಟ್ಲಪಿಂಡಿ, ಅಂದರೆ ಅಷ್ಟಮಿಯ ಮರುದಿನದ ಮೊಸರು ಕುಡಿಕೆ ಉತ್ಸವ, ನಡೆಯುತ್ತದೆ. ಅಂಥ ವರ್ಷ ಶಾಲೆಯವರು ಎರಡನೆಯ ದಿನಾಂಕವನ್ನೇ ಹಿಡಿದರೆ ನನಗೆ ಒಂದು ತಿಂಗಳು ಉಚಿತವಾಗಿ ಸಿಕ್ಕಂತೆ.

ಎಡ ಬಲದ ವಿಷಯದಲ್ಲಿ ನಾನು ಬಿದ್ದಷ್ಟು ಬೇರೆಲ್ಲೂ ಬಿದ್ದಿಲ್ಲ. ಆರೇಳು ವರ್ಷದ ತನಕ ಬಹಳ ಮಕ್ಕಳಿಗೆ ತಮ್ಮ ಬಲಗೈ ಯಾವುದೆಂದು ಯೋಚಿಸಿಯೇ ಹೇಳಬೇಕಾಗುತ್ತದೆ, ಹಾಡು ಓಡುತ್ತಿರುವಾಗ ಯೋಚಿಸಲು ಸಮಯವಿಲ್ಲ. ಹಾಗಾಗಿ ತರಗತಿಯಲ್ಲಿ "ಕಿಟಕಿ ಕೈ", "ಬಾಗಿಲು ಕೈ" ಎಂದು ಹೆಸರಿಟ್ಟೆ. ಅಮೋಘವಾಗಿ ನಡೆಯಿತು. ಬಾಡಿಗೆಗೆ ಹಿಡಿದ ಸಭಾಭವನದ ವೇದಿಕೆಗೆ ಹತ್ತಿದಾಗ ಮಕ್ಕಳು ಕೈ ಎತ್ತುವ ಬದಲು ಸುತ್ತಮುತ್ತ ಹುಡುಕತೊಡಗಿದರು. ಅಲ್ಲಿ ಕಿಟಕಿಯೇ ಇರಲಿಲ್ಲ! ಆ ಮೇಲೆ ಬಂದದ್ದು ಬಳೆ. ಪ್ರಾಕ್ಟೀಸಿನ ಮೊದಲ ದಿನವೇ ಪ್ರತಿ ಮಗುವಿನ ಬಲಗೈಗೆ, ಹುಡುಗ ಹುಡುಗಿ ಎಂಬ ಭೇದವಿಲ್ಲದೆ, ಕೆಂಪು ಉಣ್ಣೆಯ ನೂಲಿನ ಒಂದು ಬಳೆ ಕಟ್ಟುತ್ತೇನೆ. ಅದು ಬಳೆ ಕೈ, ಇನ್ನೊಂದು ಬರಿ ಕೈ. ವೇದಿಕೆ ಬದಲಾದರೂ ಬಳೆ ಮಗುವಿನ ಜೊತೆಗೇ ಹೋಗುತ್ತದೆ. ಕಲಿಸುವಾಗ ನಾನು ಮಕ್ಕಳ ಎದುರು ನಿಂತು ಕನ್ನಡಿಯಂತೆ ತಿರುವುಮುರುವಾಗಿ ಮಾಡಬೇಕಾಗುತ್ತದೆ, ಆದ್ದರಿಂದ ನನ್ನ ಬಳೆ ಎಡಗೈಯಲ್ಲಿ.

ಜಾಗದ ಲೆಕ್ಕವನ್ನು ಯಾರೂ ಹಾಕುವುದಿಲ್ಲ. ವೇದಿಕೆಯ ಅಗಲ 24 ಅಡಿ ಎಂದಿಟ್ಟುಕೊಳ್ಳಿ. ಸಾಲಿಗೆ ಎಂಟು ಮಕ್ಕಳನ್ನು ನಿಲ್ಲಿಸಿದರೆ ಒಬ್ಬೊಬ್ಬರಿಗೆ ಮೂರು ಅಡಿ. ಐದು ವರ್ಷದ ಮಗು ಎರಡೂ ಕೈ ಚಾಚಿದರೆ ಸುಮಾರು ಮೂರೂವರೆ ಅಡಿ. ಅಂದರೆ ಪಕ್ಕದವರ ಮೂಗಿಗೆ ಏಟು ಖಚಿತ. ಸಾಲಿಗೆ ಆರು ಮಕ್ಕಳಾದರೆ ನಾಲ್ಕು ಅಡಿ ಸಿಗುತ್ತದೆ, ಹಿಂದಿನ ಸಾಲಿನವರು ಮುಂದಿನವರ ಸಂದಿಯಲ್ಲಿ ನಿಂತರೆ ಎಲ್ಲರ ಮುಖವೂ ಕಾಣುತ್ತದೆ. ಕೋಲಾಟದ ಕೋಲನ್ನು ಏಳು ವರ್ಷಕ್ಕಿಂತ ಚಿಕ್ಕವರ ಕೈಗೆ ನಾನು ಕೊಡುವುದಿಲ್ಲ, ಅದು ಕಣ್ಣಿನ ಎತ್ತರಕ್ಕೇ ಬರುತ್ತದೆ. ಅದೇ ವರಸೆಯನ್ನು ಅಂಗೈಗೆ ಅಂಗೈ ತಟ್ಟಿ ಮಾಡಿದರೆ ಸಾಕು. ದೀಪಾವಳಿಗೆ ನಿಜವಾದ ಹಣತೆಯ ಮಾತೇ ಬೇಡ. ತಲೆಯ ಮೇಲೆ ಏನೇ ಬರುವುದಿದ್ದರೂ, ಅದು ಕಿರೀಟವಾಗಲಿ ನವಿಲುಗರಿಯ ಪಟ್ಟಿಯಾಗಲಿ, ಮೂರು ದಿನ ಮೊದಲೇ ಹಾಕಿಸಿ ಕುಣಿಸಬೇಕು.

ಕರಾವಳಿಯಲ್ಲಿ ಕಲಿಸುವವರಿಗೆ ಇನ್ನೊಂದು ಅನುಕೂಲವಿದೆ, ಅದು ಹುಲಿವೇಷ. ಕುತ್ತಿಗೆಗೆ ನೇತುಹಾಕಿಕೊಂಡು ಎರಡು ಸಪೂರ ಕಡ್ಡಿಗಳಲ್ಲಿ ಬಾರಿಸುವ ತಾಸೆಯ ಸದ್ದನ್ನು ಇಲ್ಲಿನ ಮಕ್ಕಳು ತೊಟ್ಟಿಲಲ್ಲಿರುವಾಗಲೇ ಕೇಳಿರುತ್ತಾರೆ. ಮಂಗಳೂರಿನಲ್ಲಿ ನವರಾತ್ರಿಗೆ, ಉಡುಪಿಯಲ್ಲಿ ಅಷ್ಟಮಿಗೆ ಪಿಲಿಗಳು, ತುಳುವಿನಲ್ಲಿ ಹುಲಿಗಳು, ಮನೆಯಂಗಳಕ್ಕೇ ಬರುತ್ತವೆ. ಎರಡು ವಾರ ಗೋಡೆಗೆ ಒರಗಿ ನಿಂತು ಒಂದು ಕೈಯನ್ನೂ ಎತ್ತದ ಹುಡುಗನೊಬ್ಬನಿದ್ದ. ಒಂದು ದಿನ ಬಿಡುವಿನಲ್ಲಿ ನಾನು ಎರಡು ಪೆನ್ಸಿಲ್ ಹಿಡಿದು ಸ್ಟೀಲ್ ಬುತ್ತಿಯ ಮುಚ್ಚಳದ ಮೇಲೆ ತಾಸೆಯ ಪೆಟ್ಟನ್ನು ಬಾರಿಸಿದೆ. ಅವನ ಭುಜ ಮೇಲೆದ್ದಿತು, ಮೊಣಕಾಲು ಬಾಗಿತು, ಕಣ್ಣು ಓರೆಯಾಯಿತು. ಅವನಿಗೆ ಯಾರೂ ಕಲಿಸಿರಲಿಲ್ಲ, ಅವನಿಗೆ ಬರುತ್ತಿತ್ತು. ಮೈಗೆ ಬಣ್ಣ ಬೇಡ, ಮುಖವಾಡವೂ ಬೇಡ, ಅದರ ತೂತಿನಲ್ಲಿ ಪಕ್ಕದವರು ಕಾಣುವುದಿಲ್ಲ. ಒಂದು ಬಾಲ ಸಿಕ್ಕಿಸಿದರೆ ಹುಲಿ ಆಯಿತು. ಇಷ್ಟು ಹೇಳಿದ ಮೇಲೆ ಒಂದು ಮಾತು: ಹುಲಿವೇಷಕ್ಕೂ ಹರಕೆಯ ಮುಖ ಇದೆಯಾದರೂ ಅದು ಬೀದಿಯಲ್ಲಿ ಎಲ್ಲರೊಂದಿಗೆ ಕುಣಿಯುವ ವೇಷ. ದೈವದ ಕೋಲ ಹಾಗಲ್ಲ, ಅದು ಆರಾಧನೆ. ಅದನ್ನು ಶಾಲೆಯ ವೇದಿಕೆಗೆ ತರುವ ಉತ್ಸಾಹ ಈಚೆಗೆ ಅಲ್ಲಲ್ಲಿ ಕಾಣುತ್ತಿದ್ದು, ನನ್ನ ಮಟ್ಟಿಗೆ ಅದು ಸರಿಯಲ್ಲ.

ಸಿನಿಮಾ ಹಾಡಿನ ಜಗಳ ಪ್ರತಿ ವರ್ಷದ್ದು. ಹಾಡಿನ ಮೇಲೆ ನನಗೆ ದ್ವೇಷವಿಲ್ಲ. ನನ್ನ ತಕರಾರು ಹಾಡಿನೊಂದಿಗೆ ಬರುವ ವಿಡಿಯೋದ ಬಗ್ಗೆ. ಪೋಷಕರು ಮೊಬೈಲಿನಲ್ಲಿ ನಾಯಕಿಯ ಸ್ಟೆಪ್ ತೋರಿಸಿ ಇದೇ ಆಗಬೇಕು ಎನ್ನುತ್ತಾರೆ. ರಿಯಾಲಿಟಿ ಶೋಗಳಲ್ಲಿ ಮಕ್ಕಳಿಂದ ದೊಡ್ಡವರ ಇಂಥ ಭಂಗಿಗಳನ್ನು ಮಾಡಿಸಬೇಡಿ ಎಂದು 2019ರ ಜೂನ್‌ನಲ್ಲಿ ಕೇಂದ್ರದ ಮಾಹಿತಿ ಮತ್ತು ಪ್ರಸಾರ ಸಚಿವಾಲಯವೇ ಖಾಸಗಿ ಟಿವಿ ಚಾನೆಲ್‌ಗಳಿಗೆ ಸೂಚನೆ ಕೊಟ್ಟಿತ್ತು. ಟಿವಿಗೆ ಬೇಡವಾದದ್ದು ಯುಕೆಜಿಗೆ ಹೇಗೆ ಬೇಕಾಗುತ್ತದೆ ಎಂದು ನಾನು ಕೇಳುತ್ತೇನೆ. ಹಾಗೆಂದು ನನ್ನ ನಾಲ್ಕು ಚಲನೆಗಳು ಎಲ್ಲರಿಗೂ ರುಚಿಸುತ್ತವೆಯೆಂದಲ್ಲ. ಒಮ್ಮೆ ಒಬ್ಬರು ತಂದೆ ರಿಹರ್ಸಲ್ ನೋಡಿ, "ಎಂತ ಟೀಚರ್, ಸ್ಟೆಪ್ಪೇ ಇಲ್ವಲ್ಲ, ಇದನ್ನು ಅವ ಮನೆಯಲ್ಲಿ ದಿನಾ ಮಾಡ್ತಾನೆ" ಎಂದರು. ಬೇಸರದಿಂದಲೇ ಹೇಳಿದ್ದರು. ನನಗೆ ಅಷ್ಟು ದೊಡ್ಡ ಹೊಗಳಿಕೆಯನ್ನು ಅದುವರೆಗೆ ಯಾರೂ ಕೊಟ್ಟಿರಲಿಲ್ಲ.

ಡಿಸೆಂಬರಿಗೆ ಬಂದಾಗ ಹೊಸದಾಗಿ ಏನನ್ನೂ ಕಲಿಸುವ ಅಗತ್ಯ ಬೀಳುವುದಿಲ್ಲ. ಇಲ್ಲಿನ ಎಷ್ಟೋ ಶಾಲೆಗಳು ದಸರಾ ರಜೆಯನ್ನು ಮೊಟಕುಗೊಳಿಸಿ ಕ್ರಿಸ್ಮಸ್ ರಜೆ ಕೊಡುವುದರಿಂದ ಕಾರ್ಯಕ್ರಮವನ್ನು ರಜೆಯ ಮುಂಚೆಯೇ ಮುಗಿಸಬೇಕು, ಸಿಗುವುದು ಎರಡು ವಾರ. ಅಷ್ಟಮಿಯಲ್ಲಿ ಕೃಷ್ಣನ ತೊಟ್ಟಿಲಿಗೆ ತೂಗಿದ ಮೂರರ ನಡೆಯನ್ನೇ ಗೋದಲಿಯ ಬಾಲಯೇಸುವಿಗೂ ತೂಗಿಸುತ್ತೇನೆ. ಮಾತು ಮಾತ್ರ "ಮೊಸರು ಕುಡಿಕೆ" ಹೋಗಿ "ಗುಳಿಯೊ, ಗುಳಿಯೊ" ಆಗುತ್ತದೆ. ಗುಳಿಯೊ ಸೇರಿದ ಕ್ರಿಸ್ಮಸ್ ತಿಂಡಿಗಳ, ಅಂದರೆ ಕುಸ್ವಾರಿನ, ತಟ್ಟೆ ನೆನಪಾಗಿ ಪ್ರಾಕ್ಟೀಸಿನ ನಡುವೆ ಹಸಿವಾಗುವುದೊಂದೇ ಇದರ ತೊಂದರೆ.

ಹೋದ ವರ್ಷದ ಅಷ್ಟಮಿಗೆ ನಾನು ಮೊದಲ ಬಾರಿಗೆ ನನ್ನ ಒರೆಗಲ್ಲಿಗೆ ನನ್ನನ್ನೇ ಒಡ್ಡಿಕೊಂಡೆ. 24 ಮಕ್ಕಳನ್ನು ಸಾಲಾಗಿ ವೇದಿಕೆಗೆ ಬಿಟ್ಟು, ಮೆಟ್ಟಿಲಿಳಿದು, ಅಜ್ಜಿಯೊಬ್ಬರ ಪಕ್ಕ ಖಾಲಿ ಇದ್ದ ಕುರ್ಚಿಯಲ್ಲಿ ಕುಳಿತೆ. ಎದೆ ಹೊಡೆದುಕೊಳ್ಳುತ್ತಿತ್ತು. ಮೊದಲ ಸುತ್ತಿನಲ್ಲಿ ಇಬ್ಬರು ಪರದೆಯ ಕಡೆ ನೋಡಿದರು, ಅಲ್ಲಿ ಯಾರೂ ಇಲ್ಲದ್ದನ್ನು ಕಂಡು ಮುಂದಕ್ಕೆ ತಿರುಗಿದರು. ಒಬ್ಬ ಆಕಳಿಸಿದ. ಎರಡನೆಯ ಸುತ್ತಿನಲ್ಲಿ, ಬಳೆ ಕೈಯಲ್ಲಿ ಬೆಣ್ಣೆಯ ಕುಡಿಕೆಯನ್ನು ಎತ್ತಿ ಹಿಡಿಯಬೇಕಾದಲ್ಲಿ, ಎರಡನೆಯ ಸಾಲಿನ ಪುಟ್ಟ ಹುಡುಗಿಯೊಬ್ಬಳು ಸಭೆಯ ನಡುವೆ ನನ್ನನ್ನು ಕಂಡುಹಿಡಿದಳು. ಅವಳ ಮುಖವೆಲ್ಲ ನಗುವಾಯಿತು, ನನ್ನತ್ತ ಜೋರಾಗಿ ಕೈ ಬೀಸಿದಳು. ಬೀಸಿದ್ದು ಬರಿ ಕೈಯನ್ನು. ಬಳೆ ಕೈ ಕುಡಿಕೆಯನ್ನು ಹಿಡಿದುಕೊಂಡು ಎಲ್ಲರ ಜೊತೆ ಮೇಲೆಯೇ ಇತ್ತು.