ಇರಿ ಅಂದರೆ ಕೂರುವ ನಾಯಿ

ನಮ್ಮ ಮನೆಯ ನಾಯಿಗೆ ಐದು ಭಾಷೆ ಬರುತ್ತದೆ. ಐದರಲ್ಲೂ ಅದು ಮಾತು ಕೇಳುವುದಿಲ್ಲ.

ತಪ್ಪು ನಾಯಿಯದ್ದಲ್ಲ, ಊರಿನದ್ದು ಅಂತ ಮಗಳ ತೀರ್ಪು. ಬದಿಯಡ್ಕದಿಂದ ಪೆರ್ಲಕ್ಕೆ ಹೋಗುವ ದಾರಿಯಲ್ಲಿ ಬಸ್ಸಿಳಿದು, ಗುಡ್ಡ ಇಳಿದರೆ, ತೋಡಿನ (ಸಣ್ಣ ಹಳ್ಳದ) ಸಂಕಕ್ಕಿಂತ, ಅಂದರೆ ಸಣ್ಣ ಸೇತುವೆಗಿಂತ, ಮೊದಲು ಸಿಗುವುದು ನಮ್ಮ ಮನೆ. ಕಾಸರಗೋಡು ಸಪ್ತಭಾಷಾ ಸಂಗಮಭೂಮಿ ಅಂತ ವೇದಿಕೆಯಲ್ಲಿ ಹೇಳಿದರೆ ಚಪ್ಪಾಳೆ ಬೀಳುತ್ತದೆ. ಚಪ್ಪಾಳೆ ತಟ್ಟುವವರು ಇಲ್ಲಿ ಒಂದು ನಾಯಿಮರಿ ಸಾಕಿ ನೋಡಬೇಕು.

ಮರಿ ಬಂದದ್ದು ತೋಟದ ಕೆಲಸಕ್ಕೆ ಬರುವ ಅಣ್ಣನ ತಲೆಯ ಮೇಲೆ, ಒಂದು ಹಳೇ ಬುಟ್ಟಿಯಲ್ಲಿ. ಜಾತಿ ಅಪ್ಪಟ ಊರಿನದ್ದು. ಬಣ್ಣ ಬಿಳಿ. ತುಳುವಿನಲ್ಲಿ ಬಿಳಿಗೆ ಬೊಲ್ದು ಅನ್ನುತ್ತಾರೆ. ಹಾಗಾಗಿ ಬುಟ್ಟಿ ಇಳಿಸುವಾಗಲೇ ಅಣ್ಣ "ಬೊಳ್ಳ" ಅಂತ ಕರೆದಾಗಿತ್ತು. ನಾವೂ ಅದನ್ನೇ ಗಟ್ಟಿ ಮಾಡಿದೆವು. ಆ ಶಬ್ದಕ್ಕೆ ತುಳುವಿನಲ್ಲಿ ಇನ್ನೊಂದು ಅರ್ಥ ಉಂಟು ಅನ್ನುವುದು ಆಗ ಯಾರಿಗೂ ಹೊಳೆಯಲಿಲ್ಲ.

ನಾಲ್ಕು ತಿಂಗಳಾಗುವಾಗ ಬೊಳ್ಳನ ಲೆಕ್ಕದಲ್ಲಿ ಮೂರು ಚಪ್ಪಲಿ (ಮೂರೂ ಎಡಗಾಲಿನದ್ದು), ಒಂದು ಕೊಡೆಯ ಹಿಡಿ ಮತ್ತು ಅಮ್ಮನ ಕನ್ನಡಕದ ಡಬ್ಬಿ ಸೇರಿದ್ದವು. ಆಗ ಮಗಳು ತರಬೇತಿ ಶುರು ಅಂತ ಘೋಷಿಸಿದಳು. ಯೂಟ್ಯೂಬಿನಲ್ಲಿ ಎಲ್ಲಾ ನೋಡಿಟ್ಟಿದ್ದಳು. ಒಂದು ಸಲಕ್ಕೆ ಐದು ನಿಮಿಷಕ್ಕಿಂತ ಜಾಸ್ತಿ ಪಾಠ ಬೇಡ. ದಿನಕ್ಕೆ ಎರಡು-ಮೂರು ಸಲ ಸಾಕು. ಹೇಳಿದ್ದನ್ನು ಮಾಡಿದ ಕೂಡಲೇ, ಒಂದೆರಡು ಸೆಕೆಂಡಿನ ಒಳಗೆ, ಬಾಯಿಗೆ ತಿಂಡಿ ಬೀಳಬೇಕು. ತಡವಾದರೆ ಯಾವುದಕ್ಕೆ ತಿಂಡಿ ಸಿಕ್ಕಿತು ಅಂತ ನಾಯಿಗೆ ಗೊತ್ತಾಗುವುದಿಲ್ಲ. ಬಡಿಯುವುದಂತೂ ಬೇಡವೇ ಬೇಡ, ಅದರಿಂದ ನಾಯಿ ಕಲಿಯುವುದು ಹೆದರಿಕೆಯನ್ನು ಮಾತ್ರ.

"ರಷ್ಯಾದಲ್ಲಿ ಪಾವ್ಲೋವ್ ಅಂತ ಒಬ್ಬರಿದ್ದರು ಅಜ್ಜಿ," ಅಂತ ಮಗಳು ಅಮ್ಮನಿಗೆ ವಿವರಿಸಿದಳು. "ನಾಯಿಗೆ ಊಟ ಹಾಕುವ ಮೊದಲು ದಿನಾ ಶಬ್ದ ಮಾಡಿದರು. ಆಮೇಲೆ ಊಟ ಇಲ್ಲದಿದ್ದರೂ ಶಬ್ದ ಕೇಳಿದ ಕೂಡಲೇ ನಾಯಿಯ ಬಾಯಲ್ಲಿ ನೀರು ಬರ್ತಿತ್ತು. 1904ರಲ್ಲಿ ಅವರಿಗೆ ನೊಬೆಲ್ ಬಂತು. ಆದರೆ ಅದು ಜೀರ್ಣಕ್ರಿಯೆಯ ಸಂಶೋಧನೆಗೆ."

"ಜೀರ್ಣದ ಸಂಶೋಧನೆ ಬೊಳ್ಳನೂ ಮಾಡಿದ್ದಲ್ವಾ," ಅಂದರು ಅಮ್ಮ, ಕನ್ನಡಕವನ್ನು ಸೆರಗಿನಲ್ಲಿ ಸುತ್ತಿಡುತ್ತಾ.

ಅಮ್ಮನಿಗೆ ಪಾವ್ಲೋವ್ ಬೇಕಾಗಿಲ್ಲ. ಅವರ ಉದಾಹರಣೆ ಇಲ್ಲೇ ಕುಂಬಳೆ ಪಕ್ಕದ್ದು. ಅನಂತಪುರ ಕ್ಷೇತ್ರದ ಕೆರೆಯಲ್ಲಿ ಬಬಿಯಾ ಮೊಸಳೆ ಇತ್ತಲ್ಲ, 2022ರ ಅಕ್ಟೋಬರಿನಲ್ಲಿ ತೀರಿಹೋದದ್ದು, ಅದು ನೈವೇದ್ಯದ ಅನ್ನ ತಿಂದುಕೊಂಡು ಕೆರೆಯಲ್ಲಿ ಅದರಷ್ಟಕ್ಕೆ ಇತ್ತು. "ಮೊಸಳೆಗೇ ಅಷ್ಟು ಮರ್ಯಾದೆ ಗೊತ್ತಿತ್ತು. ಇದಕ್ಕೆಂತ ರೋಗ?" ಇದಕ್ಕೆ ನಮ್ಮಲ್ಲಿ ಯಾರ ಹತ್ತಿರವೂ ಉತ್ತರ ಇಲ್ಲ. ಬೊಳ್ಳ ಆ ಹೊತ್ತಿಗೆ ಅಂಗಳದ ತುಳಸಿಕಟ್ಟೆಯ ಬುಡ ಅಗೆಯುತ್ತಿತ್ತು.

ಮೊದಲ ಪಾಠ ಕೂರುವುದು. ಇದು ನಿಜಕ್ಕೂ ಚಂದದ ಉಪಾಯ. ಮಗಳು ನೀರುದೋಸೆಯ, ಅಂದರೆ ಅಮ್ಮನ ಬಾಯಲ್ಲಿ ತೆಳ್ಳವಿನ, ಕಡಲೆಕಾಳಿನಷ್ಟು ದೊಡ್ಡ ಚೂರನ್ನು ಎರಡು ಬೆರಳಲ್ಲಿ ಹಿಡಿದು ಬೊಳ್ಳನ ಮೂಗಿಗೆ ತೋರಿಸಿದಳು. ಆಮೇಲೆ ಮೆಲ್ಲ ಮೇಲಕ್ಕೆ ಎತ್ತಿ, ತಲೆಯ ಮೇಲಿಂದ ಹಿಂದಕ್ಕೆ ಒಯ್ದಳು. ಮೂಗು ದೋಸೆಯ ಹಿಂದೆ ಹೋಯಿತು. ತಲೆ ಮೂಗಿನ ಹಿಂದೆ ಹೋಯಿತು. ತಲೆ ಅಷ್ಟು ಹಿಂದೆ ವಾಲಿದ ಮೇಲೆ ಕುಂಡೆಗೆ ನೆಲಕ್ಕೆ ಇಳಿಯದೆ ಬೇರೆ ದಾರಿ ಇರಲಿಲ್ಲ. ಕೂತಿತು! ಅದೇ ಗಳಿಗೆಯಲ್ಲಿ "ಸಿಟ್" ಅಂದು ಚೂರನ್ನು ಬಾಯಿಗೆ ಹಾಕಿದಳು. ಹತ್ತು ಸಲ ಆಗುವಾಗ ಅವಳು ಕೈ ಎತ್ತಿದರೆ ಸಾಕು, ಬೊಳ್ಳ ಕೂರುತ್ತಿತ್ತು. ನಮಗೆಲ್ಲ ಹೆಮ್ಮೆ.

ಆದರೆ ಆ ಪಾಠದಲ್ಲಿ ಇನ್ನೊಂದು ನಿಯಮ ಇತ್ತು. ಒಂದು ಕೆಲಸಕ್ಕೆ ಒಂದೇ ಶಬ್ದ. ಮನೆಯವರೆಲ್ಲ ಅದನ್ನೇ ಹೇಳಬೇಕು.

ಮಗಳು ಶಾಲೆಗೆ ಹೋದ ಮೇಲೆ ಅಮ್ಮ ಬೊಳ್ಳನಿಗೆ ಹವ್ಯಕದಲ್ಲಿ "ತಳಿಯದ್ದೆ ಕೂರು" ಅಂದರು. ತೋಟದ ಅಣ್ಣ ತುಳುವಿನಲ್ಲಿ "ಕುಲ್ಲು" ಅಂದ. ನಾನು "ಕೂತ್ಕೋ" ಅಂದೆ. ಸಂಜೆ ಹಾಲಿಗೆ ಬರುವ ಪಕ್ಕದ ಮನೆಯ ಟೀಚರ್ ಮಲಯಾಳದವರು, ಅವರು "ಇರಿ" ಅಂದರು. ಟೀಚರ್‌ಗೆ ನಾಯಿ ಅಂದರೆ ಪ್ರೀತಿ ಮಾತ್ರ ಅಲ್ಲ, ಭಕ್ತಿಯೂ ಉಂಟು. ಕಣ್ಣೂರಿನ ಪರಶ್ಶಿನಿಕಡವು ಮುತ್ತಪ್ಪನ ಸನ್ನಿಧಿಯಲ್ಲಿ ನಾಯಿಗೇ ಮೊದಲ ಪ್ರಸಾದ ಅಂತ ದಿನ ಬಿಟ್ಟು ದಿನ ನಮಗೆ ನೆನಪಿಸುತ್ತಾರೆ. ಹಾಗಾಗಿ ಅವರ ಕೈಯಿಂದ ಸಿಗುವುದು ದೋಸೆ ಚೂರಲ್ಲ, ಇಡೀ ಬಿಸ್ಕೆಟ್. ಅವರು ಇರಿ ಅಂದರೆ ಸಾಕು, ಬೊಳ್ಳ ದೊಪ್ಪನೆ ಕೂರುತ್ತಿತ್ತು. ಉಳಿದ ನಾಲ್ಕು ಭಾಷೆಗಳಿಗೆ ಬಾಲ ಮಾತ್ರ.

ಮಲಯಾಳದ ಇರಿ ಅಂದರೆ ಕೂರು. ಕನ್ನಡದ ಇರಿ ಅಂದರೆ ಕಾಯಿರಿ. ಇದರಿಂದ ಏನಾಯಿತು ಅಂದರೆ, ಯಾರಾದರೂ ಗೇಟಿನ ಹತ್ತಿರ ಬಂದಾಗ ಬೊಳ್ಳ ಮನೆ ಎದ್ದು ಹೋಗುವ ಹಾಗೆ ಬೊಗಳುತ್ತಾ ಓಡುತ್ತದೆ. ನಾನು ಒಳಗಿಂದ "ಇರಿ, ಇರಿ, ನಾಯಿ ಕಟ್ಟುತ್ತೇನೆ" ಅಂತ ಕೂಗುತ್ತೇನೆ. ಬಂದವರು ನಿಲ್ಲುವ ಮೊದಲೇ ನಾಯಿ ಅವರ ಕಾಲಬುಡದಲ್ಲಿ ಕೂತು ಬಾಯಿ ತೆರೆದು ಕಾಯುತ್ತದೆ. "ಭಾರೀ ಟ್ರೈನಿಂಗ್ ಕೊಟ್ಟಿದ್ದೀರಿ ಮಾರಾಯ್ರೆ" ಅಂತ ಹೊಗಳಿಕೆ. ನಾನು ಬೇಡ ಅನ್ನುವುದಿಲ್ಲ. ತೊಂದರೆ ಏನು ಅಂದರೆ, ನಾನು ಫೋನಿನಲ್ಲಿ ಯಾರಿಗಾದರೂ "ಒಂದು ನಿಮಿಷ ಇರಿ" ಅಂದರೂ ಬೊಳ್ಳ ಓಡಿ ಬಂದು ಎದುರು ಕೂರುತ್ತದೆ. ಕೂತ ಮೇಲೆ ಕೊಡದಿದ್ದರೆ ಹೇಗೆ? ಅಂದಿನಿಂದ ನನ್ನ ಅಂಗಿಯ ಕಿಸೆಯಲ್ಲಿ ಯಾವಾಗಲೂ ದೋಸೆ ಚೂರು.

ಇಷ್ಟರಲ್ಲಿ ಮಳೆಗಾಲ ಬಂತು. ನಮ್ಮ ಜೂನ್-ಜುಲೈ ಮಳೆಯಲ್ಲಿ ಮನುಷ್ಯರೇ ದನದ ಹಟ್ಟಿಗೆ ಹೋಗಿ ಬರಲು ಮುಹೂರ್ತ ನೋಡಬೇಕು, ನಾಯಿಯನ್ನು ತಿರುಗಾಡಿಸುವುದು ಎಲ್ಲಿ? ಮೂರು ದಿನ ಓಡದ ನಾಯಿ ನಾಲ್ಕನೇ ದಿನ ಚಾವಡಿಯ ಬೆಂಚಿನ ಕಾಲು ತಿನ್ನುತ್ತದೆ. ಮೊದಲು ಅಡಿಕೆ ಹಾಳೆಯಲ್ಲಿ ಎಳೆದಾಟ ಆಡಿಸಿದೆವು. ಸಿಮೆಂಟಿನ ನೆಲ, ಒದ್ದೆ ಕಾಲು. ಬೊಳ್ಳ ಎಳೆಯಿತು, ನಾನು ಜಾರಿದೆ. ನೆಲಕ್ಕೆ ಬಿದ್ದ ಮೇಲೂ ಹಾಳೆ ಬಿಡದ ನನ್ನನ್ನು ಅದು ಸ್ವಲ್ಪ ದೂರ ಎಳೆದುಕೊಂಡು ಹೋಯಿತು ಅಂತ ಹೆಂಡತಿ ಈಗಲೂ ನೆಂಟರಿಗೆ ಹೇಳುತ್ತಾಳೆ. ಅಷ್ಟೇನೂ ದೂರ ಅಲ್ಲ.

ಆಮೇಲೆ ಮಗಳು ಮೂಗಿನ ಆಟ ಶುರು ಮಾಡಿದಳು. ಮನುಷ್ಯನ ಮೂಗಿನಲ್ಲಿ ವಾಸನೆ ಹಿಡಿಯುವ ಜೀವಕೋಶ ಸುಮಾರು 50-60 ಲಕ್ಷ ಇದ್ದರೆ ನಾಯಿಯದರಲ್ಲಿ 20 ಕೋಟಿಗೂ ಜಾಸ್ತಿಯಂತೆ. ಅದಕ್ಕೇ ಹತ್ತು ನಿಮಿಷ ಮೂಸಿ ಹುಡುಕಿಸಿದರೆ ನಾಯಿಗೆ ಚೆನ್ನಾಗಿ ದಣಿವಾಗುತ್ತದೆ. ಖರ್ಚೂ ಇಲ್ಲ. ಮೂರು ತೆಂಗಿನ ಗೆರಟೆ ಕವುಚಿ, ಒಂದರ ಅಡಿಯಲ್ಲಿ ದೋಸೆ ಚೂರು ಇಟ್ಟು "ಹುಡುಕು" ಅಂದರೆ ಆಯಿತು. ಎರಡೇ ದಿನದಲ್ಲಿ ಬೊಳ್ಳ ಗೆರಟೆಯಲ್ಲಿ ಪಾಸಾಯಿತು. ಮೂರನೇ ದಿನ ಪರೀಕ್ಷೆ ಕಷ್ಟ ಮಾಡಿದರು. ಇಡೀ ಮನೆಯಲ್ಲಿ ಎಲ್ಲಿ ಬೇಕಾದರೂ ಅಡಗಿಸುವುದು.

"ಹುಡುಕು!"

ಬೊಳ್ಳ ಚಾವಡಿ ದಾಟಿತು. ಅಡುಗೆಕೋಣೆ ದಾಟಿತು. ದೋಸೆ ಇಟ್ಟಿದ್ದ ಸ್ಟೂಲನ್ನೂ ದಾಟಿತು. ನೇರ ಉಗ್ರಾಣಕ್ಕೆ ಹೋಗಿ, ಪತ್ತಾಯದ ಹಿಂದಿನ ಸಂದಿಗೆ ತಲೆ ತೂರಿಸಿ, ಬಾಲ ಮಾತ್ರ ಹೊರಗೆ ಬಿಟ್ಟು ಕೆರೆಯತೊಡಗಿತು. ನನ್ನ ಎದೆ ಧಸಕ್ಕೆಂದಿತು. ಅಲ್ಲಿ ಹಲಸಿನಕಾಯಿ ಸೋಂಟೆಯ ಡಬ್ಬ ಇತ್ತು. ಕರಿದದ್ದು ಮುಟ್ಟಬೇಡಿ ಅಂತ ಡಾಕ್ಟರು ಹೇಳಿ ಮೂರು ತಿಂಗಳಾಗಿತ್ತು. ಡಬ್ಬ ಇಟ್ಟು ಎರಡು ತಿಂಗಳು. ಬೊಳ್ಳ ಅದನ್ನು ಹಲ್ಲಲ್ಲಿ ಕಚ್ಚಿ ಹಿಂದಕ್ಕೆ ಹಿಂದಕ್ಕೆ ನಡೆಯುತ್ತಾ ತಂದು, ಬೇರೆ ಯಾರ ಎದುರೂ ಅಲ್ಲ, ಹೆಂಡತಿಯ ಎದುರೇ ಇಟ್ಟಿತು. ಇಟ್ಟು ಯಾರೂ ಹೇಳದೆ ಕೂತಿತು. ಮೂರು ತಿಂಗಳ ತರಬೇತಿಯಲ್ಲಿ ಅದು ಇಷ್ಟು ಅಚ್ಚುಕಟ್ಟಾಗಿ ಮಾಡಿದ ಕೆಲಸ ಇನ್ನೊಂದಿಲ್ಲ. ಬಹುಮಾನವಾಗಿ ಅವಳು ಅದಕ್ಕೆ ಇಡೀ ತೆಳ್ಳವು ಕೊಟ್ಟಳು. ನನಗೆ ಕೊಟ್ಟದ್ದನ್ನು ಬರೆಯುವುದಿಲ್ಲ.

ಜುಲೈಯಲ್ಲಿ ಒಂದು ರಾತ್ರಿ ಕರೆಂಟು ಇಲ್ಲ, ಮಳೆ ಹೊಯ್ಯುತ್ತಾ ಉಂಟು. ಬೊಳ್ಳ ಹಂದಿಯನ್ನೋ ಮುಳ್ಳುಹಂದಿಯನ್ನೋ ಅಟ್ಟಿಕೊಂಡು ತೋಟಕ್ಕೆ ಹಾರಿ ಮಾಯವಾಯಿತು. ನಾನು ಟಾರ್ಚು ಹಿಡಿದು ತೋಡಿನ ಬದಿಯಲ್ಲಿ ನಿಂತು ಗಂಟಲು ಹರಿಯುವ ಹಾಗೆ ಕರೆದೆ. "ಬೊಳ್ಳಾ! ಬೊಳ್ಳಾ! ಬೊಳ್ಳಾಆಆ!"

ತೋಡಿನ ಆಚೆ ಇರುವುದು ತುಳು ಮನೆ. ತುಳುವಿನಲ್ಲಿ ಬೊಳ್ಳ ಅಂದರೆ ನೆರೆನೀರು.

ಆಚೆ ಟಾರ್ಚು ಬೆಳಗಿತು. ಒಂದು ದನ ಕೂಗಿತು. ಪಾತ್ರೆ ಬಿದ್ದ ಸದ್ದು. ಕೊನೆಗೆ ಮಳೆಯ ನಡುವೆ ಒಂದು ಗಂಡಸಿನ ಸ್ವರ: "ಬೊಳ್ಳ ಬತ್ತ್‌ಂಡಾ?"

ಬೊಳ್ಳ ಬಂತಾ ಅಂತ. ಪಾಪ, ನಮ್ಮ ನಾಯಿಯ ಬಗ್ಗೆ ಎಷ್ಟು ಕಾಳಜಿ ಅಂದುಕೊಂಡು ನಾನೂ ತುಳುವಿನಲ್ಲೇ ಉತ್ತರಿಸಿದೆ. "ಇತ್ತೆ ಬೈದ್‌ಜಿ. ಬರ್ಪುಂಡು. ಬರಂದೆ ಓಡೆ ಪೋಪುಂಡು?" ಈಗ ಬಂದಿಲ್ಲ. ಬರುತ್ತದೆ. ಬಾರದೆ ಎಲ್ಲಿಗೆ ಹೋಗುತ್ತದೆ?

ಬೆಳಿಗ್ಗೆ ತೋಟದ ಅಣ್ಣ ಸುದ್ದಿ ತಂದ. ಆಚೆ ಮನೆಯವರು ರಾತ್ರಿ ಎರಡು ಗೋಣಿ ಅಡಿಕೆಯನ್ನು ಅಟ್ಟಕ್ಕೇರಿಸಿ, ದನವನ್ನು ಗುಡ್ಡದ ಮೇಲಿನ ಶೆಡ್ಡಿಗೆ ಕಟ್ಟಿ, ಅಜ್ಜಿಯನ್ನು ಎತ್ತರದ ಮಂಚದಲ್ಲಿ ಕೂರಿಸಿ ಬೆಳಗಿನ ತನಕ ಕಾದಿದ್ದರಂತೆ. ಬೊಳ್ಳ ಆ ರಾತ್ರಿ ಮಲಗಿದ್ದೂ ಅವರ ಜಗಲಿಯಲ್ಲೇ.

ಮಾತು ಬಿಟ್ಟಿದ್ದ ಅವರು ಮತ್ತೆ ನಗುವಂತಾದದ್ದು ಬೋರ್ಡೋದಿಂದ. ಕೊಳೆರೋಗ ಬಾರದಂತೆ ಅಡಿಕೆಗೆ ಬಿಡುವ ಮದ್ದು ಅದು. 100 ಲೀಟರ್ ನೀರಿಗೆ 1 ಕಿಲೋ ಮೈಲುತುತ್ತು, 1 ಕಿಲೋ ಸುಣ್ಣ. ಎರಡನ್ನೂ ಬೇರೆ ಬೇರೆ ಕರಗಿಸಿ ಕೂಡಿಸಬೇಕು. ಹದ ನೋಡಲು ಕಬ್ಬಿಣದ ಕತ್ತಿ ಅದ್ದುತ್ತಾರೆ, ಕತ್ತಿಗೆ ತಾಮ್ರದ ಕೆಂಪು ಹಿಡಿದರೆ ಸುಣ್ಣ ಸಾಲದು ಅಂತ ಲೆಕ್ಕ. ಮಳೆ ಎರಡು ದಿನ ಬಿಟ್ಟಿತು. ಅಣ್ಣ ಕತ್ತಿ ಅದ್ದಿ, ತೃಪ್ತಿಯಿಂದ ತಲೆಯಾಡಿಸಿ, ಪಂಪು ಚಾಲೂ ಮಾಡಿದ. ಪೈಪು ನೆಲದಲ್ಲಿ ಹಾವಿನ ಹಾಗೆ ಅಲುಗಾಡಿತು. ಬೊಳ್ಳ ಅದರ ಜಾಯಿಂಟಿಗೇ ಬಾಯಿ ಹಾಕಿ ಎಳೆಯಿತು.

ಕೂಡಲೇ ಹಿಡಿದು ಸಾಬೂನು ಹಾಕಿ ತೊಳೆದೆವು. ಬಾಯಿಗೆ ನೀರು ಬಿಟ್ಟು ತೊಳೆದೆವು. ಮೈ ನೆಕ್ಕದ ಹಾಗೆ ಮಗಳು ತಬ್ಬಿ ಕೂತಳು. ಪಶುವೈದ್ಯರಿಗೆ ಫೋನು, ಅವರು ಹೇಳಿದ ಹಾಗೆ ಎರಡು ದಿನ ಕಾವಲು. ನಾಯಿಗೆ ಏನೂ ಆಗಲಿಲ್ಲ. ಬಣ್ಣ ಮಾತ್ರ ಕಿವಿಯಿಂದ ಪಕ್ಕೆಲುಬಿನ ತನಕ ತಿಳಿನೀಲಿಯಾಗಿ ನಿಂತಿತು. ಆಚೆ ಮನೆಯ ಅಜ್ಜಿ ಸಂಕ ದಾಟಿ ನೋಡಲು ಬಂದವರು ನಕ್ಕು ನಕ್ಕು ನಮ್ಮ ಜಗಲಿಯಲ್ಲೇ ಕೂತುಬಿಟ್ಟರು. ಇನ್ನು ಇದಕ್ಕೆ ಬೊಳ್ಳ ಅನ್ನುವ ಹೆಸರು ಬೇಡ ಅಂತ ಅವರ ಒಂದೇ ಬೇಡಿಕೆ.

ಅದೇ ಸಂಜೆ ಮಗಳು ಸಭೆ ಕರೆದಳು. ನಾಯಿಗೆ ಇನ್ನು ಒಂದೇ ಭಾಷೆ, ಯಾವುದು ಅಂತ ಈಗಲೇ ನಿರ್ಧಾರ ಆಗಬೇಕು. ಅಮ್ಮ, ಅಣ್ಣ, ಟೀಚರ್ ಎಲ್ಲರೂ ಇದ್ದರು. ಕಾಸರಗೋಡಿನಲ್ಲಿ ಭಾಷೆಯ ಚರ್ಚೆ, ಊರು ಕೇರಳಕ್ಕೆ ಸೇರಿದ 1956ರ ನವೆಂಬರ್ 1ರಿಂದ ನಡೆಯುತ್ತಲೇ ಉಂಟು. ನಮ್ಮದು ಚಹಾ ಆರುವಷ್ಟರಲ್ಲಿ ಮುಗಿಯುತ್ತದೆಯೇ? ಸಭೆ ಮುಂದಕ್ಕೆ ಹೋಯಿತು. ಇನ್ನೂ ಮುಂದೆಯೇ ಇದೆ.

ಮೊನ್ನೆ ಪೇಟೆಗೆ ಹೋದವನು ಬ್ಯಾಂಕಿನ ಕೌಂಟರಿನಲ್ಲಿ ನಿಂತಿದ್ದೆ. ಹುಡುಗಿ ಕಂಪ್ಯೂಟರಿನಿಂದ ಕಣ್ಣೆತ್ತದೆ "ಸ್ವಲ್ಪ ಇರಿ" ಅಂದಳು. ನನ್ನ ಕೈ ತಾನಾಗಿಯೇ ಕಿಸೆಗೆ ಹೋಯಿತು. ಪಾಸ್‌ಬುಕ್ಕಿನ ಜೊತೆ ಎರಡು ಚೂರು ತೆಳ್ಳವು ಕೌಂಟರಿನ ಮೇಲೆ ಬಿತ್ತು. ಅವಳು ಅದನ್ನು ನೋಡಿದಳು. ಆಮೇಲೆ ನನ್ನನ್ನು ನೋಡಿದಳು.

"ಅದು ನಾಯಿಗೆ ಕೊಡುವಂಥದ್ದು," ಅಂದೆ. "ಇರಿ ಅಂದಾಗ."