10,000 ಹೆಜ್ಜೆ ಯಾರ ನಿಯಮವೂ ಅಲ್ಲ

‘ದಿನಕ್ಕೆ 10,000 ಹೆಜ್ಜೆ ಆಗದಿದ್ದರೆ ನಡೆದದ್ದೆಲ್ಲ ದಂಡ, ಇದು ವಿಶ್ವ ಆರೋಗ್ಯ ಸಂಸ್ಥೆಯ ನಿಯಮ’ ಅಂತ ಆಫೀಸ್ ವಾಟ್ಸಾಪ್ ಗುಂಪುಗಳಲ್ಲಿ ಓಡಾಡುತ್ತಿದೆ. ಸುಳ್ಳು. ಆ ಸಂಸ್ಥೆಯ 2020ರ ಮಾರ್ಗಸೂಚಿಯಲ್ಲಿ ಹೆಜ್ಜೆಯ ಗುರಿಯೇ ಇಲ್ಲ. 1965ರಲ್ಲಿ ಜಪಾನಿನ ಕಂಪನಿಯೊಂದು ಹೆಜ್ಜೆ ಎಣಿಸುವ ಯಂತ್ರ ಮಾರಲು ಈ ಸಂಖ್ಯೆ ಹಿಡಿದುಕೊಂಡಿತು, ಆಮೇಲೆ ಅದೇ ಎಲ್ಲರ ಬಾಯಲ್ಲಿ ಉಳಿಯಿತು. ಮಾರ್ಗಸೂಚಿ ಹೇಳುವುದು ವಾರಕ್ಕೆ 150ರಿಂದ 300 ನಿಮಿಷ ಬಿರುಸು ನಡಿಗೆಯಂಥ ಚಟುವಟಿಕೆ, ಜೊತೆಗೆ ಎರಡು ದಿನವಾದರೂ ಸ್ನಾಯುಗಳಿಗೆ ಕೆಲಸ. ಒಂದೇ ಸಲಕ್ಕೆ ಹತ್ತು ನಿಮಿಷ ಆಗಲೇಬೇಕು ಅನ್ನುವ ಹಳೇ ಷರತ್ತನ್ನೂ ಆಗ ತೆಗೆದರು. ಅಂದರೆ ಎರಡು ಮೀಟಿಂಗ್ ನಡುವೆ ಲಿಫ್ಟ್ ಬಿಟ್ಟು ಮೂರು ಮಹಡಿ ಹತ್ತಿದ್ದೂ ಲೆಕ್ಕಕ್ಕೆ ಬರುತ್ತದೆ, ಅಲ್ವಾ? ರಾತ್ರಿ ಹನ್ನೊಂದಕ್ಕೆ ಲ್ಯಾಪ್‌ಟಾಪ್ ಮುಚ್ಚಿ, ವಾಚಿನ ಅಂಕಿ ತುಂಬಲಿ ಅಂತ ಹಾಲ್‌ನಲ್ಲಿ ಗಿರಕಿ ಹೊಡೆಯಬೇಡಿ. ಸುಮ್ನೆ ಮಲಗಿ.